ಬೆರಳು ಒಪ್ಪಿದ ಮಣಿ

ಗೋಕರ್ಣ, ಶೃಂಗೇರಿ, ಉಡುಪಿಯ ರಥಬೀದಿ, ಎಲ್ಲಿಗೇ ಹೋಗಿ, ದೇವಸ್ಥಾನದ ದಾರಿಯ ಅಂಗಡಿಗಳ ಮುಂದೆ ಜಪಸರಗಳು ಗೊಂಚಲು ಗೊಂಚಲಾಗಿ ತೂಗಾಡುತ್ತಿರುತ್ತವೆ. ಕೊಳ್ಳಲು ಬಂದವರು ಮೊದಲು ಕಣ್ಣಾಡಿಸುತ್ತಾರೆ, ಆಮೇಲೆ "ಇದು ಒರಿಜಿನಲ್ಲಾ?" ಅನ್ನುತ್ತಾರೆ, ಕೊನೆಗೆ ಚೌಕಾಸಿಗೆ ಇಳಿಯುತ್ತಾರೆ. ಸರವನ್ನು ಕೈಗೆ ತಗೊಂಡು, ಬೆರಳ ಮೇಲಿಟ್ಟು, ಹತ್ತು ಮಣಿ ಸರಿಸಿ ನೋಡುವವರು ಅಪರೂಪ. ಕುತ್ತಿಗೆಗೆ ಹಾಕುವ ಸರವನ್ನು ಬೇಕಾದರೆ ಕಣ್ಣೇ ಆರಿಸಲಿ. ಎಣಿಸುವ ಸರವನ್ನು ಬೆರಳೇ ಆರಿಸಬೇಕು.

ಮನೆಯಲ್ಲೊಂದು ಪದ್ಧತಿ ಇದ್ದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು. ವೈಷ್ಣವರಿಗೆ ತುಳಸಿಮಣಿ, ತಾವರೆಮಣಿ, ಶೈವರಿಗೆ ರುದ್ರಾಕ್ಷಿ, ಸ್ಮಾರ್ತರ ಮನೆಗಳಲ್ಲಿ ರುದ್ರಾಕ್ಷಿಯ ಜೊತೆಗೆ ಸ್ಫಟಿಕ. ಲಿಂಗಾಯತರಿಗಂತೂ ರುದ್ರಾಕ್ಷಿ ಅಷ್ಟಾವರಣಗಳಲ್ಲೇ ಒಂದು. ಗುರುವಿನಿಂದ ಮಂತ್ರೋಪದೇಶ ಆಗಿದ್ದರೆ ಅವರನ್ನೇ ಕೇಳಿ, ಅಂಗಡಿಯವರನ್ನಲ್ಲ. ಯಾವ ಪದ್ಧತಿಯೂ ಇಲ್ಲದೆ, ಸುಮ್ಮನೆ ದಿನಕ್ಕೆ ಹತ್ತು ನಿಮಿಷ ಕೂರಬೇಕು ಅಂತ ಹೊರಟವರಿಗೆ ಯಾವ ಮಣಿಯಾದರೂ ನಡೆಯುತ್ತದೆ. ಅಂಥವರ ಮುಂದೆಯೇ "ನಿಮ್ಮ ರಾಶಿಗೆ ಈ ಮಣಿ" ಎಂಬ ಪಟ್ಟಿ ಬಿಚ್ಚಿಕೊಳ್ಳುವುದು. ಆ ಪಟ್ಟಿಯಲ್ಲಿ ಎಲ್ಲ ರಾಶಿಗೂ ಒಂದಲ್ಲ ಒಂದು ದುಬಾರಿ ಮಣಿ ಇರುತ್ತದೆ. ಮಡಚಿ ಇಡಲು ಹೇಳಿ.

ಸರಕ್ಕೆ 108 ಮಣಿ, ಮೇಲೊಂದು ಮೇರುಮಣಿ. 108 ಯಾಕೆ ಅಂದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಜ್ಯೋತಿಷಿಗಳು 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ ಅನ್ನುತ್ತಾರೆ. ಯೋಗದವರು ದಿನಕ್ಕೆ 21,600 ಉಸಿರು, ಹಗಲಿನ ಪಾಲು 10,800, ಅದರ ನೂರನೇ ಒಂದು ಭಾಗ ಅನ್ನುತ್ತಾರೆ. ಟಿಬೆಟಿನವರು ನೂರನ್ನಷ್ಟೇ ಲೆಕ್ಕಕ್ಕೆ ಹಿಡಿದು, ಉಳಿದ ಎಂಟನ್ನು ನಡುವೆ ತಪ್ಪಿಹೋದ ಜಪಕ್ಕೆ ಬಿಟ್ಟುಬಿಡುತ್ತಾರೆ. ಮನುಷ್ಯರ ಮನಸ್ಸು ಬಲ್ಲವರು ಮಾಡಿದ ಲೆಕ್ಕ ಅದು. ನನಗೆ ಹಿಡಿಸುವುದು ಜೈನರದು. ಪಂಚಪರಮೇಷ್ಠಿಗಳ ಗುಣಗಳು: ಅರಿಹಂತರವು 12, ಸಿದ್ಧರವು 8, ಆಚಾರ್ಯರವು 36, ಉಪಾಧ್ಯಾಯರವು 25, ಸಾಧುಗಳವು 27. ಕೂಡಿದರೆ ಸರಿಯಾಗಿ 108. ಅಲ್ಲಿ ಒಂದೊಂದು ಮಣಿಗೂ ನೆನೆಯಲು ಒಂದೊಂದು ಗುಣವಿದೆ.

ಹೊಸಬರಿಗೆ 108 ಕಡ್ಡಾಯವೇನಲ್ಲ. 54 ಮಣಿಯ ಸರವೂ ಸಿಗುತ್ತದೆ, 27ರದ್ದೂ ಸಿಗುತ್ತದೆ. ಪಂಚಾಕ್ಷರಿಯಂಥ ಚಿಕ್ಕ ಮಂತ್ರವಾದರೆ ಒಂದು ಸುತ್ತು ಐದು ನಿಮಿಷದೊಳಗೆ ಮುಗಿದೀತು. ಗಾಯತ್ರಿಯಾದರೆ ಕಾಲು ಗಂಟೆ ದಾಟುತ್ತದೆ. ನಿಮ್ಮ ಮಂತ್ರ ಎಷ್ಟುದ್ದ, ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ, ಇವೆರಡನ್ನೂ ನೋಡಿಕೊಂಡು ಸರದ ಉದ್ದ ಗೊತ್ತುಮಾಡಿ. ಅರ್ಧಕ್ಕೆ ಬಿಟ್ಟೇಳುವ 108ಕ್ಕಿಂತ ಮುಗಿಸಿ ಏಳುವ 27 ವಾಸಿ.

ಈಗ ಬೆರಳಿಗೆ ಬರೋಣ. ನಮ್ಮಲ್ಲಿ ರೂಢಿ ಬಲಗೈ. ಸರ ಮಧ್ಯದ ಬೆರಳ ಮೇಲೆ ಕೂರುತ್ತದೆ, ಹೆಬ್ಬೆರಳು ಒಂದೊಂದೇ ಮಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತೋರುಬೆರಳು ಮುಟ್ಟುವಂತಿಲ್ಲ. ಮೇರು ಬಂದಾಗ ದಾಟುವಂತಿಲ್ಲ. ಸರವನ್ನು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ. ಗೋಮುಖಿ ಚೀಲದೊಳಗೆ ಕೈಯಿಟ್ಟು ಜಪ ಮಾಡುವವರಿಗೆ ಇದೆಲ್ಲ ಕಣ್ಣಿಗೆ ಕಾಣದೆಯೇ ನಡೆಯಬೇಕು. ಇಸ್ಕಾನಿನವರು ಬಳಸುವ ಚೀಲಕ್ಕೆ ತೋರುಬೆರಳು ಹೊರಗಿಡಲೆಂದೇ ಒಂದು ಕಂಡಿ ಇರುತ್ತದೆ. ಬೈಲಕುಪ್ಪೆಯಲ್ಲೋ ಮುಂಡಗೋಡಿನಲ್ಲೋ ಟಿಬೆಟಿನ ಅಜ್ಜಿಯರು ನಡೆಯುತ್ತಲೇ ಮಣಿ ಎಣಿಸುವುದನ್ನು ಗಮನಿಸಿ: ಹೆಚ್ಚಾಗಿ ಎಡಗೈ, ಮಣಿ ಜಾರುವುದು ತೋರುಬೆರಳ ಮೇಲೆಯೇ. ನಾವು ದೂರವಿಟ್ಟ ಬೆರಳೇ ಅವರಿಗೆ ದಾರಿ. ನೀವು ಯಾವ ರೀತಿ ಹಿಡಿಯುವವರು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಂಗಡಿಯಲ್ಲೇ ಹಾಗೆಯೇ ಹಿಡಿದು ನೋಡಿ. ಮಧ್ಯದ ಬೆರಳಿನ ಮೇಲೆ ದೊಡ್ಡ ಮಣಿ ಹೊರಳಲು ಜಾಗ ಸಾಲದೆ ತೋರುಬೆರಳಿಗೆ ತಾಗುತ್ತದೆ. ತೀರ ಸಣ್ಣದಾದರೆ ಹೆಬ್ಬೆರಳು ಎರಡನ್ನು ಒಟ್ಟಿಗೆ ಎಳೆದುಬಿಡುತ್ತದೆ. ಬಹುಮಂದಿಗೆ 7ರಿಂದ 9 ಮಿಲಿಮೀಟರಿನ ಮಣಿ ಹೊಂದುತ್ತದೆ. ಸಂಧಿವಾತದಿಂದ ಬೆರಳು ಬಿಗಿದಿರುವ ಹಿರಿಯರಿಗೆ 10, 12 ಆದರೆ ಹಿಡಿತ ಸಿಗುತ್ತದೆ.

ತೂಕವನ್ನು ಯಾರೂ ಯೋಚಿಸುವುದೇ ಇಲ್ಲ. 10 ಮಿಲಿಮೀಟರಿನ 108 ಸ್ಫಟಿಕದ ಮಣಿ ಸೇರಿದರೆ ಹತ್ತಿರ ಹತ್ತಿರ 150 ಗ್ರಾಂ. ಅದೇ ಅಳತೆಯ ಮರದ ಮಣಿ ಅದರ ಮೂರನೇ ಒಂದು ಭಾಗದ ಆಸುಪಾಸು. ಅಂಗಡಿಯಲ್ಲಿ ಅರ್ಧ ನಿಮಿಷ ಹಿಡಿದಾಗ ಸ್ಫಟಿಕದ ಭಾರ ಹಿತವೇ. ಇಪ್ಪತ್ತು ನಿಮಿಷ ಎದೆಯ ಹತ್ತಿರ ಕೈ ಎತ್ತಿ ಹಿಡಿದಾಗ ಮಣಿಕಟ್ಟು ದೂರು ಹೇಳಲು ಶುರುಮಾಡುತ್ತದೆ.

ಇನ್ನು ಗಂಟು. ಒಳ್ಳೆಯ ಸರದಲ್ಲಿ ಮಣಿ ಮಣಿಯ ನಡುವೆ ಒಂದೊಂದು ಗಂಟಿರುತ್ತದೆ. ದಾರ ಹರಿದರೂ ಒಂದೇ ಮಣಿ ಹೋದೀತು, ಉಳಿದವು ಮಂಚದ ಕೆಳಗೆ ಉರುಳುವುದಿಲ್ಲ. ಅದು ಒಂದು ಲಾಭ. ದೊಡ್ಡ ಲಾಭ ಬೇರೆ. ಮಣಿ ಸರಿದ ಮೇಲೆ ಬರುವ ಆ ಚಿಕ್ಕ ತಡೆಯಲ್ಲೇ ಒಂದು ಮಂತ್ರ ಮುಗಿದು ಇನ್ನೊಂದು ಹುಟ್ಟುತ್ತದೆ. ಗಂಟಿಲ್ಲದ ಸರದಲ್ಲಿ ಮಣಿಗಳು ಒಂದರ ಮೇಲೊಂದು ಬಿದ್ದು ಓಡಿಸುತ್ತವೆ, ನಾಲಿಗೆಯೂ ಅವುಗಳ ಹಿಂದೆ ಓಡುತ್ತದೆ. ಗಂಟು ತೀರ ಬಿಗಿಯಾದರೂ ಕಷ್ಟ: ಸರ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ. ಸರವನ್ನು ಅಂಗೈಯ ಮೇಲೆ ಬಿಟ್ಟರೆ ತಾನಾಗಿ ಸುರುಳಿಯಾಗಿ ಕೂರಬೇಕು. ಎಲಾಸ್ಟಿಕ್ ದಾರದಲ್ಲಿ ಪೋಣಿಸಿದ್ದನ್ನು ಕೈಗೆ ಬಳೆಯಾಗಿ ಹಾಕಿಕೊಳ್ಳಿ, ಜಪಕ್ಕೆ ಬೇಡ.

ರುದ್ರಾಕ್ಷಿಯ ವಿಷಯಕ್ಕೆ ಬಂದರೆ ಮಾತು ಉದ್ದವಾಗುತ್ತದೆ, ಯಾಕೆಂದರೆ ಮೋಸವೂ ಅಲ್ಲೇ ಹೆಚ್ಚು. ಇದು ಒಂದು ಮರದ ಹಣ್ಣಿನ ಗೊರಟೆ. ಮುಖ್ಯವಾಗಿ ನೇಪಾಳ ಮತ್ತು ಇಂಡೋನೇಷ್ಯಾದಿಂದ ಬರುತ್ತದೆ. ಮಾಗಿದ ಹಣ್ಣು ಕಡುನೀಲಿ. ಸೋಜಿಗವೆಂದರೆ ಅದರಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ, ಸಿಪ್ಪೆಯ ಸೂಕ್ಷ್ಮ ಪದರಗಳು ಬೆಳಕನ್ನು ಹಿಂದಿರುಗಿಸುವ ರೀತಿಯಿಂದ ನೀಲಿ ಕಾಣುತ್ತದೆ. ತಿರುಳು ಕೊಳೆಸಿ ತೆಗೆದರೆ ಒಳಗಿನ ಗೊರಟೆ ಸಿಗುತ್ತದೆ. ಒಂದು ಮಣಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯ ತೂತಿನಿಂದ ಇನ್ನೊಂದು ತುದಿಯ ತೂತಿನವರೆಗೆ ಗೆರೆಗಳು ಇಳಿದಿರುತ್ತವೆ. ಅದೇ ಮುಖ. ಎಷ್ಟು ಗೆರೆಯೋ ಒಳಗೆ ಅಷ್ಟು ಕೋಣೆ. ಗೆರೆಗಳ ನಡುವೆ ಗುಡ್ಡ ಕಣಿವೆಗಳು, ಒಂದು ಮಣಿಯದು ಇನ್ನೊಂದಕ್ಕೆ ಹೋಲುವುದಿಲ್ಲ. ಇಡೀ ಸರದ ಮಣಿಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಥರ ಇದ್ದರೆ ಅಚ್ಚೇ ಹಾಕಿರಬಹುದು.

ಸಾಮಾನ್ಯವಾಗಿ ಸಿಗುವುದು ಪಂಚಮುಖಿ. ಹೇರಳವಾಗಿ ಸಿಗುವುದರಿಂದಲೇ ಅಗ್ಗ. ಜಪಕ್ಕೆ ಅದು ಧಾರಾಳ ಸಾಕು. ಏಕಮುಖಿ, ಎರಡು ಮಣಿ ಕೂಡಿಕೊಂಡೇ ಬೆಳೆದ ಗೌರಿಶಂಕರ ಅಂತ ಹೊರಟರೆ ಸಾವಿರಗಳು, ಲಕ್ಷಗಳು. ಜೊತೆಗೆ ಅಂಟಿಸಿದ್ದು, ಕೊರೆದದ್ದು, ಗೆರೆ ಉಜ್ಜಿ ಅಳಿಸಿದ್ದು ಎಲ್ಲ ಸಿಗುತ್ತವೆ. ಪಂಚಮುಖಿಗೆ ಸುಳ್ಳು ಮಣಿ ಮಾಡುವ ಖರ್ಚೂ ಹುಟ್ಟುವುದು ಕಷ್ಟ. ನೀರಿನಲ್ಲಿ ಮುಳುಗಿದರೆ ಅಸಲಿ, ತೇಲಿದರೆ ನಕಲಿ ಎಂಬ ಪರೀಕ್ಷೆಯನ್ನು ನಂಬಬೇಡಿ. ಚೆನ್ನಾಗಿ ಒಣಗಿದ ಅಸಲಿ ಮಣಿಯೂ ತೇಲುತ್ತದೆ, ಒಳಗೆ ಸೀಸ ತುಂಬಿದ ನಕಲಿಯೂ ಮುಳುಗುತ್ತದೆ. ಎರಡು ತಾಮ್ರದ ನಾಣ್ಯಗಳ ನಡುವೆ ಇಟ್ಟರೆ ಮಣಿ ತಿರುಗುತ್ತದೆ ಅನ್ನುವುದೂ ಹಾಗೆಯೇ: ಉಬ್ಬುತಗ್ಗಿನ ಯಾವ ಗೊರಟೆಯನ್ನು ಒತ್ತಿದರೂ ತಿರುಗುತ್ತದೆ. ನೇಪಾಳದ ಮಣಿ ದೊಡ್ಡದು, ಕಣಿವೆ ಆಳ, ನೋಡಲು ಗಂಭೀರ. ಜಾವಾದ್ದು ಚಿಕ್ಕದು, ಮೈ ಅಷ್ಟು ಒರಟಲ್ಲ. ಕುತ್ತಿಗೆಗೆ ನೇಪಾಳದ್ದು, ಬೆರಳಿಗೆ ಜಾವಾದ್ದು ಅನ್ನುವುದು ನನ್ನ ಪಕ್ಷಪಾತ. ಹೊಸ ರುದ್ರಾಕ್ಷಿ ಮೊದಲ ತಿಂಗಳು ಬೆರಳನ್ನು ಕೆರೆಯುತ್ತದೆ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು ಒಂದಿಷ್ಟು ಎಳ್ಳೆಣ್ಣೆ ಸವರಿಟ್ಟರೆ ಪಳಗುತ್ತದೆ.

ತುಳಸಿಮಣಿಯ ಸೊಗಸು ಅದರ ಹಗುರದಲ್ಲಿದೆ. ಮಥುರಾ-ವೃಂದಾವನದ ಕಡೆ ಇದನ್ನು ಕಡೆಯುವ ಕುಟುಂಬಗಳೇ ಇವೆ. ತುಳಸಿ ಗಿಡದ ಕಾಂಡ ಎಷ್ಟು ದಪ್ಪ ಬೆಳೆಯುತ್ತದೆ ಅನ್ನುವುದು ನಿಮ್ಮ ಮನೆಯ ಕಟ್ಟೆಯಲ್ಲೇ ಗೊತ್ತಾಗುತ್ತದೆ. ಅಂಥ ಗಿಡದಿಂದ ದಪ್ಪ ದಪ್ಪ, ಒಂದೇ ಬಣ್ಣದ, ಫಳಫಳ ಹೊಳೆಯುವ 108 ಮಣಿ ಬಂದಿದೆ ಅಂದರೆ ಅದು ಬೇರೆ ಮರ. ಗೌಡೀಯ ವೈಷ್ಣವರ ಜಪಸರಗಳಲ್ಲಿ ಒಂದು ಚೆಂದ ನೋಡಬಹುದು: ಮೇರುವಿನ ಒಂದು ಪಕ್ಕ ದೊಡ್ಡ ಮಣಿಗಳಿಂದ ಶುರುವಾಗಿ ಇನ್ನೊಂದು ಪಕ್ಕಕ್ಕೆ ಬರುವಷ್ಟರಲ್ಲಿ ಮಣಿ ಸಣ್ಣದಾಗುತ್ತಾ ಹೋಗಿರುತ್ತದೆ. ಚೀಲದೊಳಗಿನ ಬೆರಳಿಗೆ ತಾನು ಎಲ್ಲಿದ್ದೇನೆ ಎಂಬುದು ಆ ಅಳತೆಯಿಂದಲೇ ತಿಳಿಯುತ್ತದೆ. ದಿನಕ್ಕೆ 16 ಸುತ್ತು, ಅಂದರೆ 1,728 ಸಲ ಮಂತ್ರ ಹೇಳುವವರಿಗೆ ಇದು ಅಲಂಕಾರದ ಮಾತಲ್ಲ.

ಗಂಧದ ಮಣಿಯನ್ನು ಕೊಳ್ಳುವಾಗ ಮೂಗನ್ನು ಪೂರ್ತಿ ನಂಬಬೇಡಿ. ಪೊಟ್ಟಣ ಬಿಚ್ಚಿದೊಡನೆ ಘಮ್ಮೆಂದು ಹೊಡೆಯುವುದು ಹೆಚ್ಚಾಗಿ ಬೇರಾವುದೋ ಮರಕ್ಕೆ ಸವರಿದ ಎಣ್ಣೆ. ಅಸಲಿ ಗಂಧದ ಚೇಗಿನ ಪರಿಮಳ ಮೆಲ್ಲಗೆ, ಮಣಿ ಕೈಯಲ್ಲಿ ಬೆಚ್ಚಗಾದ ಮೇಲೆ ಬರುತ್ತದೆ. ವರ್ಷಗಳಾದ ಮೇಲೆ ಮಂಕಾದರೆ ತೆಳ್ಳಗೆ ಉಜ್ಜಿದರೆ ಒಳಗಿನದು ಮತ್ತೆ ಏಳುತ್ತದೆ. ಸವರಿದ ಎಣ್ಣೆಗೆ ಆ ಒಳಗು ಇಲ್ಲ. ಬೀದಿಯಲ್ಲಿ ನೂರು ರೂಪಾಯಿಗೆ ಗಂಧದ ಸರ ಅಂದರೆ ನಕ್ಕು ಮುಂದೆ ಹೋಗಿ. ಕೊಳ್ಳಲೇಬೇಕಾದರೆ ಸರ್ಕಾರಿ ಕಾವೇರಿ ಎಂಪೋರಿಯಂ ಇದೆ.

ಸ್ಫಟಿಕವನ್ನು ಕೆನ್ನೆಗೆ ತಾಗಿಸಿ ನೋಡಬೇಕು. ಗಾಜಿಗಿಂತ ತಣ್ಣಗಿರುತ್ತದೆ, ಬಿಸಿಯೇರುವುದು ನಿಧಾನ. ಒಳಗೆ ಮೋಡದಂಥ ತೆರೆ, ಕೂದಲೆಳೆಯಂಥ ಬಿರುಕು ಕಂಡರೆ ಬೇಸರಪಡಬೇಡಿ, ಅದು ಅಸಲಿತನದ ಗುರುತು. ಗುಂಡನೆಯ ಗಾಳಿಗುಳ್ಳೆ ಕಂಡರೆ ಗಾಜು. ತೂತಿನ ಅಂಚಿಗೆ ಉಗುರು ತಾಗಿಸಿ ನೋಡುವುದನ್ನು ಮರೆಯಬೇಡಿ: ಹರಿತವಾಗಿದ್ದರೆ ಎಂಥ ದಾರವನ್ನೂ ಕೆಲವೇ ತಿಂಗಳಲ್ಲಿ ಕೊಯ್ದುಹಾಕುತ್ತದೆ.

ಬೋಧಿಮಣಿ ಎಂದು ಮಾರುವುದು ಅರಳಿಮರದ ಬೀಜವಲ್ಲ. ಅರಳಿಯ ಬೀಜ ರಾಗಿಕಾಳಿಗಿಂತ ಹೆಚ್ಚೇನೂ ದೊಡ್ಡದಿಲ್ಲ, ಅದಕ್ಕೆ ತೂತು ಕೊರೆಯುವವರು ಯಾರು? ನೇಪಾಳದ ಕಾವ್ರೆ ಜಿಲ್ಲೆಯ ಬೋಧಿಚಿತ್ತ ನಮ್ಮ ಎಲಚಿಯ ಕುಲಕ್ಕೆ ಸೇರಿದ ಮರದ ಗೊರಟೆ. ಬಿಳಿ ಮೈಮೇಲೆ ಸಣ್ಣ ಚುಕ್ಕೆಗಳೂ ಒಂದು ಗುಂಡು ಗುರುತೂ ಇರುವ 'ಚಂದ್ರ-ನಕ್ಷತ್ರ' ಮಣಿ ಬೆತ್ತದ ಜಾತಿಯದು. ಹೆಸರು ಏನೇ ಇರಲಿ, ಬಳಕೆಯಿಂದ ಬಣ್ಣ ತಿರುಗುವ ಆಟವನ್ನು ಇಷ್ಟು ಚೆನ್ನಾಗಿ ತೋರಿಸುವ ಮಣಿ ಇನ್ನೊಂದಿಲ್ಲ. ಮೊದಲು ಸುಣ್ಣದ ಬಿಳುಪು, ಆಮೇಲೆ ಕೆನೆ, ಆಮೇಲೆ ಜೇನು, ಕೊನೆಗೆ ಕಂದು. ಟಿಬೆಟನ್ ಸರಗಳಲ್ಲಿ ಪಕ್ಕಕ್ಕೆ ನೇತುಬಿದ್ದ ಎರಡು ಎಳೆಗಳನ್ನೂ ನೋಡಿ: ಒಂದೊಂದರಲ್ಲೂ ಹತ್ತು ಪುಟ್ಟ ಬೆಳ್ಳಿ ಬಳೆ, ತುದಿಯಲ್ಲಿ ಒಂದಕ್ಕೆ ವಜ್ರ, ಇನ್ನೊಂದಕ್ಕೆ ಘಂಟೆ. ಸುತ್ತು ಮುಗಿದಾಗ ಒಂದರ ಬಳೆ ಏರಿಸುತ್ತಾರೆ, ಹತ್ತು ಸುತ್ತಾದಾಗ ಇನ್ನೊಂದರದ್ದು. ಹತ್ತು ಸಾವಿರ ಜಪದವರೆಗಿನ ಲೆಕ್ಕಕ್ಕೆ ಪುಸ್ತಕ, ಪೆನ್ನು ಬೇಕಿಲ್ಲ.

ಬೇರೆ ಮನೆಗಳ ಸರಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಮುಸ್ಲಿಮರ ತಸ್ಬೀಹ್‌ನಲ್ಲಿ 33 ಇಲ್ಲವೆ 99 ಮಣಿ; 99ರದ್ದಾದರೆ ಪ್ರತಿ 33ಕ್ಕೊಂದು ಬೇರೆ ಆಕಾರದ ತಡೆಮಣಿ. ಕರಾವಳಿಯ ಕ್ರೈಸ್ತರ ಜಪಸರದಲ್ಲಿ ಹತ್ತು ಹತ್ತರ ಐದು ಗುಂಪು, ನಡುವೆ ಅಂತರ ಬಿಟ್ಟು ಒಂದೊಂದು ಬಿಡಿಮಣಿ. ಕತ್ತಲಲ್ಲೂ ಬೆರಳಿಗೆ ದಾರಿ ತಪ್ಪದಂತೆ ಇಬ್ಬರೂ ಅವರವರ ಉಪಾಯ ಕಂಡುಕೊಂಡಿದ್ದಾರೆ.

ಸರ ಮನೆಗೆ ಬಂದ ಮೇಲೂ ಕೆಲಸವಿದೆ. ದಾರ ಕಪ್ಪಾಗಿ ಎಳೆ ಬಿಡತೊಡಗಿದರೆ ಹರಿಯುವ ತನಕ ಕಾಯದೆ ಮತ್ತೆ ಪೋಣಿಸಲು ಕೊಡಿ. ಮರದ ಮಣಿಗೆ ಹತ್ತಿ ದಾರ ಚೆನ್ನ. ಸ್ಫಟಿಕಕ್ಕೆ ರೇಷ್ಮೆ, ಇಲ್ಲವೆ ಗಟ್ಟಿ ನೈಲಾನ್. ಹಳೆಯ ಮಣಿ ತೊಳೆದು ಹೊಸದರಂತೆ ಮಾಡಿಕೊಡುತ್ತೇನೆ ಅಂದರೆ ಬೇಡವೆನ್ನಿ. ವರ್ಷಗಟ್ಟಲೆ ಬೆರಳ ಜಿಡ್ಡು ಕೂಡಿ ಬಂದ ಹೊಳಪು ಒಂದೇ ತೊಳೆತಕ್ಕೆ ಹೋದೀತು. ಕೊಡುವಾಗಲೂ ವಾಪಸು ತರುವಾಗಲೂ ಅಲ್ಲೇ ನಿಂತು ಎಣಿಸಿ. ಹೊಸ ಸರ ಕೊಳ್ಳುವಾಗಲೂ ಅಷ್ಟೆ, 106, 107 ಮಣಿಯ ಸರಗಳು ಬಜಾರಿನಲ್ಲಿ ಬೇಕಾದಷ್ಟಿವೆ.

ಇನ್ನೊಬ್ಬರಿಗೆ ಉಡುಗೊರೆ ಕೊಡುವ ಆಸೆ ಇದ್ದರೆ ಅವರ ಹಳೆಯ ಸರದ ಮಣಿಯ ಅಳತೆ ಕೇಳಿಕೊಂಡು ಹೋಗಿ. ಅಳತೆ ಸಿಗದಿದ್ದರೆ ಒಳ್ಳೆಯ ಬಟ್ಟೆಯದೊಂದು ಗೋಮುಖಿ ಚೀಲ ಕೊಡಿ, ಅದು ಎಲ್ಲರ ಕೈಗೂ ಆಗುತ್ತದೆ.