ಕೆಂಪಕ್ಷರದ 'ಮಿಸ್ಸಿಂಗ್'

ಬಾಕಿ ಕೆಲಸದ ಪಟ್ಟಿ ಹೆಂಗಸರಾದ ನಮಗೆ ಹೊಸದೇನಲ್ಲ. ಕ್ಯಾಲೆಂಡರಿನ ಮೂಲೆಯಲ್ಲೋ ಹಾಲಿನ ಲೆಕ್ಕದ ಪಕ್ಕದಲ್ಲೋ ಬರೆದಿಟ್ಟುಕೊಂಡೇ ಸಂಸಾರ ತೂಗಿಸಿದವರು ನಾವು. ಆದರೆ ಅದು ನಾವೇ ಬರೆದ ಪಟ್ಟಿ. ಬೇಕಾದಾಗ ನಾವೇ ಗೀಟು ಹೊಡೆಯುತ್ತೇವೆ. ಬೇರೆಯವರು ವಹಿಸಿದ ಕೆಲಸವನ್ನು ಯಂತ್ರವೇ ಪಟ್ಟಿ ಮಾಡಿ ಎದುರಿಗಿಡುವುದಿದೆಯಲ್ಲ, ಅದರ ರೀತಿಯೇ ಬೇರೆ. ಗೂಗಲ್ ಕ್ಲಾಸ್‌ರೂಮ್ ಎಂಬ ತಂತ್ರಾಂಶದಲ್ಲಿ ನಾನು ಕಂಡ, ವಿದ್ಯಾರ್ಥಿಗಳ 'ಟು-ಡೂ' ಪುಟ ಅಂಥದ್ದು. ತಂತ್ರಾಂಶ ಹೊರಬಂದದ್ದು 2014ರಲ್ಲಿ. ನಮ್ಮೂರಿನಂಥ ಊರಿನ ಮನೆಬಾಗಿಲಿಗೆ ಅದನ್ನು ತಂದದ್ದು 2020ರ ಕೊರೋನಾ. ಶಾಲೆಯ ಮಕ್ಕಳಿದ್ದ ಮನೆಯವರಾದರೆ ನೀವೂ ಅದನ್ನು ಇಣುಕಿ ನೋಡಿರುತ್ತೀರಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಗಣಿತದವರು, ವಿಜ್ಞಾನದವರು, ಕನ್ನಡದವಳಾದ ನಾನು, ಯಾರು ಕೊಟ್ಟ ಮನೆಪಾಠವಾದರೂ ಅಲ್ಲಿ ಒಟ್ಟಿಗೆ ಬಂದು ಕೂರುತ್ತಿತ್ತು. ಈ ವಾರದ್ದು, ಮುಂದಿನ ವಾರದ್ದು, ಆಮೇಲಿನದು, ಗಡುವೇ ಇಲ್ಲದ್ದು ಎಂದು ಬೇರೆ ಬೇರೆ. ಆರು ಜನ ಮೇಷ್ಟರುಗಳು ಸೇರಿ ಒಂದು ಮಗುವಿನ ತಲೆಯ ಮೇಲೆ ಎಷ್ಟು ಹೇರುತ್ತಾರೆಂಬುದು ಒಂದೇ ನೋಟಕ್ಕೆ ಕಾಣುತ್ತಿತ್ತು. ಡೈರಿ ಬರೆಯಲು ಮರೆಯುವ ಮಕ್ಕಳಿಗಂತೂ ವರವೇ ಅನ್ನಿ.

ನನ್ನ ತಕರಾರು ಇರುವುದು ಅದರ ಮಾತಿನ ಬಗ್ಗೆ. ಪುಟದಲ್ಲಿ ಮೂರೇ ಕೋಣೆ: ಅಸೈನ್ಡ್, ಮಿಸ್ಸಿಂಗ್, ಡನ್. ಗಡುವು ದಾಟಿತೋ, ಕೆಂಪಕ್ಷರದಲ್ಲಿ 'ಮಿಸ್ಸಿಂಗ್'. ನಮ್ಮ ಮಾತಿನಲ್ಲಿ ಕಾಣೆಯಾಗುವುದು ಮನುಷ್ಯರು, ದನಕರು, ಬಸ್ಸಿನಲ್ಲಿ ಬಿಟ್ಟ ಕೊಡೆ. ಮಾಡದೆ ಉಳಿದ ಕೆಲಸಕ್ಕೆ ನಾವು ಬಾಕಿ ಎನ್ನುತ್ತೇವೆ. ಅಂಗಡಿಯ ಬಾಕಿಯಂತೆ ಅದು ಇಂದಲ್ಲ ನಾಳೆ ತೀರುವಂಥದ್ದು. ತೀರಿಸಬೇಕಾದವರ ಮರ್ಯಾದೆ ಅಲ್ಲಿಗೇ ಹೋಗಿರುವುದಿಲ್ಲ. ಅರ್ಧ ಬರೆದವಳಿಗೂ ಪುಸ್ತಕವನ್ನೇ ತೆರೆಯದವನಿಗೂ ಈ ಪುಟ ಒಂದೇ ಮುದ್ರೆ ಒತ್ತುತ್ತಿತ್ತು. ನಮ್ಮ ಕೆಂಪು ಪೆನ್ನಾದರೂ 'ಅಪೂರ್ಣ' ಎಂದು ಬರೆಯುವಷ್ಟು ದಯೆ ತೋರಿಸುತ್ತದೆ.

ಎಂಟನೇ ತರಗತಿಯ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಮನೆಗೆಲ್ಲ ಒಂದೇ ಫೋನು, ಅದು ಅಪ್ಪನ ಜೊತೆ ಗ್ಯಾರೇಜಿಗೆ ಹೋಗುತ್ತಿತ್ತು. ಅಪ್ಪ ಬರುವುದು ರಾತ್ರಿ ಒಂಬತ್ತಕ್ಕೆ. ಆಮೇಲೆ ಮೊದಲ ಸರದಿ ಅಣ್ಣನದು, ಅವನು ಎಸ್ಸೆಸ್ಸೆಲ್ಸಿ. ಶಿಕ್ಷಕರು ದಿನಾಂಕವನ್ನಷ್ಟೇ ಕೊಟ್ಟರೆ ತಂತ್ರಾಂಶ ತಾನಾಗಿಯೇ ರಾತ್ರಿ 11:59 ಎಂದು ಗಡುವು ಬರೆದುಕೊಳ್ಳುತ್ತಿತ್ತು. ಯಾವ ದೇಶದ, ಯಾರ ಮನೆಯ ಮಗುವನ್ನು ನೆನೆದು ಇಟ್ಟ ಹೊತ್ತೋ! ಅಣ್ಣನದು ಮುಗಿದು ಇವಳ ಕೈಗೆ ಬರುವಾಗ ಡೇಟಾ ಖಾಲಿ. ನೋಟ್‌ಬುಕ್ಕಿನಲ್ಲಿ ಎಲ್ಲ ಉತ್ತರವೂ ದುಂಡಗೆ ಬರೆದಾಗಿತ್ತು, ಫೋಟೊ ತೆಗೆದು ಕಳಿಸುವುದೊಂದೇ ಉಳಿದಿತ್ತು. ಪಟ್ಟಿಯಲ್ಲಿ ಮಾತ್ರ ಹದಿನೇಳು ಕೆಂಪು ಸಾಲು.

ಅದೇ ತರಗತಿಯ ಇನ್ನೊಬ್ಬ ಜಾಣ, ಏನನ್ನೂ ಲಗತ್ತಿಸದೆ 'ಮಾರ್ಕ್ ಆ್ಯಸ್ ಡನ್' ಗುಂಡಿಯನ್ನು ಒತ್ತುತ್ತಾ ಹೋಗಿದ್ದ. ಅವನ ಪಟ್ಟಿ ತೊಳೆದ ತಟ್ಟೆಯಂತೆ ಫಳಫಳ. ಹಾಗಾದರೆ ಆ ಪುಟ ಲೆಕ್ಕ ಹಾಕುತ್ತಿದ್ದದ್ದು ಏನನ್ನು? ಓದಿದ್ದನ್ನಲ್ಲ, ಬರೆದದ್ದನ್ನೂ ಅಲ್ಲ, ಒಪ್ಪಿಸಿದ್ದನ್ನು.

ಇಷ್ಟಾಗಿಯೂ ಅದು ಮಗುವಿನ ಮತ್ತು ಮೇಷ್ಟರ ನಡುವೆ ಉಳಿದಿದ್ದರೆ ಸರಿಹೋಗುತ್ತಿತ್ತು. ಶಾಲೆಯಲ್ಲಿ ಆ ಸಂಖ್ಯೆಗಳನ್ನು ಅಚ್ಚು ಹಾಕಿಸಿ ಪೋಷಕರ ಸಭೆಯಲ್ಲಿ ಹಂಚಿದರು. ಹುಡುಗಿಯ ಅಪ್ಪ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು, "ಓದುವ ಮನಸ್ಸಿಲ್ಲದವಳಿಗೆ ಫೋನ್ ಯಾಕೆ ಮೇಡಂ?" ಅಂದ. ಸಿಗುತ್ತಿದ್ದ ಅರ್ಧ ಗಂಟೆಯೂ ಹೋಗುವುದರಲ್ಲಿತ್ತು. ನೋಟ್‌ಬುಕ್ ತರಿಸಿ, ಒಂದೊಂದೇ ಪುಟ ಮಗುಚಿ ತೋರಿಸಿದ ಮೇಲೆ ಅವನ ದನಿ ಇಳಿಯಿತು.

ತಂತ್ರಾಂಶದಲ್ಲಿ ಶಿಕ್ಷಕರಿಗೆ ಗುಟ್ಟಾಗಿ ನಾಲ್ಕು ಮಾತು ಬರೆಯುವ ಜಾಗ ಇರಲಿಲ್ಲವೆಂದಲ್ಲ. ಅದಿದ್ದದ್ದು ಒಂದೊಂದು ಪಾಠದ ಒಳಗೆ. ಪಟ್ಟಿಯ ಮೇಲೆ ಕಾರಣಕ್ಕೆ ಜಾಗವಿಲ್ಲ. ಸಂಜೆ ನೀರು ಹಿಡಿದದ್ದು, ಅಮ್ಮನಿಗೆ ರೊಟ್ಟಿ ತಟ್ಟಿಕೊಟ್ಟದ್ದು ಕೂಡ ಅವಳಿಗೆ ಯಾರೋ ವಹಿಸಿದ ಕೆಲಸವೇ. ಅದನ್ನು ಯಾವ ಪಟ್ಟಿಯೂ 'ಡನ್' ಎನ್ನಲಿಲ್ಲ.

ಇನ್ನೊಂದು ತಮಾಷೆ ನೋಡಿ. ಶಿಕ್ಷಕರಿಗೂ ತಿದ್ದಬೇಕಾದ್ದನ್ನು ತೋರಿಸುವ 'ಟು ರಿವ್ಯೂ' ಎಂಬ ಪುಟವಿತ್ತು. ಮಕ್ಕಳ ಉತ್ತರ ಅಲ್ಲಿ ಎಷ್ಟು ವಾರ ಕಾದು ಕೂತರೂ ಗಡುವಿಲ್ಲ, ಕೆಂಪಕ್ಷರವಿಲ್ಲ.

ಆ ಸಭೆಯ ಮಾರನೆಯ ವಾರದಿಂದ ನಾನು ಗಡುವಿನ ಹೊತ್ತನ್ನು ಕೈಯಾರೆ ಬರೆಯತೊಡಗಿದೆ: ಸೋಮವಾರ, ಬೆಳಿಗ್ಗೆ ಒಂಬತ್ತು. ಭಾನುವಾರ ಗ್ಯಾರೇಜಿಗೆ ರಜೆ, ಫೋನು ಮನೆಯಲ್ಲಿರುತ್ತದೆ.