ಬಡಗಿಯ ಉಳಿ ಎಲ್ಲಿ ಹೋಯಿತು?

ಸುವಾರ್ತೆಗಳು ನಾಲ್ಕು. ಅವುಗಳೊಳಗಿನ ಯೇಸು ಮಾತ್ರ ಒಬ್ಬನೇ ಎಂದು ನಂಬುತ್ತಾ ಬಂದಿದ್ದೇವೆ. ಎರಡನೇ ಶತಮಾನದಲ್ಲೇ ತಾತಿಯನ್ ಎಂಬಾತ ನಾಲ್ಕನ್ನೂ ಹೆಣೆದು ಒಂದೇ ಕತೆ ಮಾಡಿದ. ಸಿರಿಯಾದ ಸಭೆಗಳು ಅದನ್ನು ಬಹುಕಾಲ ಓದಿ, ಐದನೇ ಶತಮಾನದಲ್ಲಿ ಕೈಬಿಟ್ಟವು. ನಾಲ್ಕು ನಾಲ್ಕಾಗಿಯೇ ಉಳಿದದ್ದು ಒಳ್ಳೆಯದಾಯಿತು. ದಲಿತ ವಿಮರ್ಶೆ ಕೈಹಾಕಬೇಕಾದದ್ದು ಅವುಗಳ ನಡುವಿನ ಬಿರುಕುಗಳಿಗೆ.

ಮೊದಲ ಬಿರುಕು ಕಸುಬಿನದು. ಬಹುಪಾಲು ವಿದ್ವಾಂಸರ ಪ್ರಕಾರ ಮೊದಲು ಬರೆದವನು ಮಾರ್ಕ, ಸುಮಾರು ಕ್ರಿ.ಶ. 70ರಲ್ಲಿ. ಅವನಲ್ಲಿ ಊರವರು ಯೇಸುವನ್ನು ಹಂಗಿಸುವುದು ಬಡಗಿ ಎಂದೇ. ಮಾರ್ಕನನ್ನು ಮುಂದಿಟ್ಟುಕೊಂಡು ಬರೆದ ಮತ್ತಾಯನಲ್ಲಿ ಅವನು ಬಡಗಿಯ ಮಗ. ಲೂಕನಲ್ಲಿ ಬರೀ ಯೋಸೇಫನ ಮಗ. ಉಳಿ ಮೊದಲು ಮಗನ ಕೈಯಿಂದ ಅಪ್ಪನ ಕೈಗೆ ಹೋಯಿತು, ಆಮೇಲೆ ಅಲ್ಲಿಂದಲೂ ಮಾಯವಾಯಿತು. ದೇವರಾಗಬೇಕಾದವನಿಗೆ ಕಸುಬಿನ ಕೈ ಇರಬಾರದು ಎಂಬ ಮುಜುಗರ, 'ನೀನು ಯಾರ ಪೈಕಿ?' ಎಂದು ಕೇಳಿಸಿಕೊಂಡೇ ಬೆಳೆದ ನಮಗೇನು ಹೊಸದಾ?

ಎರಡನೆಯದು ಮಾತಿನದು. ಮಗಳನ್ನು ಉಳಿಸಿಕೊಡು ಎಂದು ಬಂದ ಪರಜನಾಂಗದ ಹೆಂಗಸಿಗೆ ಯೇಸು, ಮಕ್ಕಳ ರೊಟ್ಟಿಯನ್ನು ನಾಯಿಗೆ ಹಾಕುವುದು ಸರಿಯಲ್ಲ ಎನ್ನುತ್ತಾನೆ. ಈ ಮಾತನ್ನು ಸವರಿ ಮುಚ್ಚುವ ಕೆಲಸ ನಮ್ಮದಲ್ಲ. ಅವಳು ಬಿಡುವವಳಲ್ಲ, ಮಕ್ಕಳು ಉದುರಿಸಿದ ಚೂರನ್ನು ನಾಯಿಯೂ ತಿನ್ನುತ್ತದಲ್ಲ ಎಂದು ತಿರುಗಿ ಹೇಳುತ್ತಾಳೆ. ಮಾರ್ಕನ ಯೇಸು ಅವಳ ಆ ಮಾತಿಗಾಗಿಯೇ ಸೋಲುತ್ತಾನೆ. ಮತ್ತಾಯನ ಯೇಸು ಅವಳ ನಂಬಿಕೆಯನ್ನು ಮೆಚ್ಚುತ್ತಾನೆ. ವಾದ ಗೆದ್ದವಳು ಭಕ್ತೆಯಾಗಿಬಿಟ್ಟಳು! ಲೂಕನಲ್ಲಂತೂ ಅವಳೇ ಇಲ್ಲ.

ಹಾಗಂತ ಮಾರ್ಕ ನಮ್ಮವನು, ಉಳಿದವರು ಎದುರಾಳಿಗಳು ಎಂದು ಗೆರೆ ಎಳೆಯುವಂತಿಲ್ಲ. ಮತ್ತಾಯ ಆತ್ಮದ ಬಡತನವನ್ನು ಹರಸಿದರೆ, ಲೂಕ ನೇರವಾಗಿ ಬಡವರನ್ನೇ, ಹಸಿದವರನ್ನೇ ಹರಸುತ್ತಾನೆ. ಉಳ್ಳವರಿಗೆ ಕೇಡು ನುಡಿಯುತ್ತಾನೆ. ಯೇಸುವನ್ನು ಲೋಕ ಹುಟ್ಟುವ ಮೊದಲೇ ಇದ್ದ ವಾಕ್ಯವೆಂದು ಮುಗಿಲಿಗೇರಿಸಿದವನು ಯೋಹಾನ. ಆ ಯೋಹಾನನಲ್ಲೇ ಯೇಸು ದಣಿದು ಬಾವಿಯ ಬಳಿ ಕೂತು, ಯೆಹೂದ್ಯರು ಬಳಕೆ ಇಟ್ಟುಕೊಳ್ಳದ ಸಮಾರ್ಯದ ಹೆಂಗಸನ್ನು ನೀರು ಕೇಳುತ್ತಾನೆ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಯಾಕೆ ಕುಡಿದರೆಂದು ಬಲ್ಲವರಿಗೆ ಈ ಬಾವಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹೀಗೆ ಓದುವುದನ್ನು ನನಗೆ ಕಲಿಸಿದ್ದು ಈ ಸೀಮೆ. ನಾನಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಗೋಡೆಯಲ್ಲಿ ರಾಮಾಯಣ, ಭಾರತಗಳು ಕಲ್ಲಾಗಿ ನಿಂತಿವೆ. ನೀಲಗಾರರ ಬಾಯಲ್ಲಿ ಮಂಟೇಸ್ವಾಮಿ ಹಾಗೆ ನಿಲ್ಲುವವನಲ್ಲ. ಹಾಡುವವರು ಬದಲಾದಂತೆ ಕತೆಯೂ ಬದಲಾಗುತ್ತದೆ. ಪುರಾಣಗಳು ಕೊಂಡಾಡಿದ ಕಲ್ಯಾಣವನ್ನು ಅವರು ಬಾಗಿಲಾಚೆ ನಿಂತವನ ಕಣ್ಣಿಂದ ನೋಡುತ್ತಾರೆ.

ಆದ್ದರಿಂದ 'ದಲಿತ ಯೇಸು' ಎಂಬ ಐದನೇ ವಿಗ್ರಹ ಕಡೆದು ನಿಲ್ಲಿಸುವ ಆತುರ ಬೇಡ. ಹಾಗೆ ಮಾಡಿದರೆ ನಾವೂ ತಾತಿಯನ್‌ನ ಕೆಲಸವನ್ನೇ ಮಾಡಿದಂತೆ. ನಾಯಿ ಎಂದವನನ್ನೂ ನೀರು ಕೇಳಿದವನನ್ನೂ ಒಟ್ಟಿಗೇ ಎದುರಿಗಿಟ್ಟುಕೊಳ್ಳಬೇಕು. ಪ್ರತಿ ಕತೆಗಾರನನ್ನೂ, ನಮ್ಮವರನ್ನೂ ಸೇರಿಸಿ, ಕೇಳಬೇಕು: ಯಾರ ಕೈಯ ಉಳಿ ಕಿತ್ತುಕೊಂಡಿರಿ? ಯಾರ ವಾದವನ್ನು ಭಕ್ತಿ ಎಂದು ಕರೆದಿರಿ?