ಪದಕವಿಲ್ಲದ ಈಜಿಗೆ ಉಳಿದದ್ದು

ಕ್ರೀಡೆಯ ನೆನಪಿನ ವಸ್ತುಗಳನ್ನು ಕೂಡಿಡುವವರ ಕಣ್ಣು ಮೊದಲು ಹೋಗುವುದು ಪದಕಕ್ಕೆ, ಆಮೇಲೆ ಸಹಿ ಹಾಕಿದ ಟೋಪಿಗೆ. ಈಜಿನ ಮಟ್ಟಿಗೆ ಈ ಆಯ್ಕೆ ತಪ್ಪು ಎನ್ನಲು ಬೆಂಗಳೂರಿನ ಶ್ರೀಹರಿ ನಟರಾಜ್ ಅವರ ಒಂದು ಈಜು ಸಾಕು. 2021ರ ಜೂನ್‌ನಲ್ಲಿ, ರೋಮ್‌ನ ಸೆಟ್ಟೆ ಕೋಲಿ ಕೂಟದ ವೇಳೆ, ಅವರು 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಅರ್ಹತಾ ಸಮಯ 53.85. ಅದು ಸ್ಪರ್ಧೆಯೂ ಅಲ್ಲ, ಬರೀ ಟೈಮ್ ಟ್ರಯಲ್. ಪದಕದ ಮಾತೇ ಇಲ್ಲ. ಇಪ್ಪತ್ತರ ಹುಡುಗನನ್ನು ಒಲಿಂಪಿಕ್ಸ್‌ಗೆ ಮುಟ್ಟಿಸಿದ ಆ 0.08 ಸೆಕೆಂಡಿಗೆ ಸಾಕ್ಷಿ ಒಂದು ಫಲಿತಾಂಶದ ಹಾಳೆ.

ಇಂಥ ಹಾಳೆಯನ್ನು ಹತ್ತಿರದಿಂದ ನೋಡಬೇಕು. ಹೀಟ್, ಲೇನ್, ಹೆಸರು, ಮೊದಲ 50 ಮೀಟರಿನ ಸಮಯ, ಒಟ್ಟು ಸಮಯ. ಕೂಟಗಳಲ್ಲಿ ಇದನ್ನು ಗೋಡೆಗೆ ಅಂಟಿಸುತ್ತಾರೆ. ಕೊಳದಿಂದ ಎದ್ದು ಬಂದ ಮಕ್ಕಳು ಒದ್ದೆ ಬೆರಳಲ್ಲೇ ತಮ್ಮ ಸಾಲು ಹುಡುಕುವಾಗ ಕಾಗದ ಮುದುಡುತ್ತದೆ. ಸಂಜೆಗೆ ಕಸದ ಬುಟ್ಟಿ ಸೇರುತ್ತದೆ. ನನಗೆ ಸಂಕಟವಾಗುವುದು ಇಲ್ಲಿಯೇ.

ಅಮೆರಿಕದಲ್ಲಿ ಆಟಗಾರರ ಚಿತ್ರವಿರುವ, ಅವರ ಆರಂಭದ ದಿನಗಳ ಸಂಗ್ರಹ ಕಾರ್ಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಭದ್ರಪಡಿಸಿ, ಮೂಲೆ ಮುಕ್ಕಾಗಿದೆಯೇ ಎಂದು ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಆ ಶ್ರದ್ಧೆ ದೊಡ್ಡದು. ಆದರೆ ಅಂಕ ಸಿಗುವುದು ಕಾರ್ಡಿನ ಅಂಚಿಗೆ, ಈಜಿಗಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, 15ರ ಮೈಕೆಲ್ ಫೆಲ್ಪ್ಸ್ 200 ಮೀಟರ್ ಬಟರ್‌ಫ್ಲೈಯಲ್ಲಿ ಐದನೆಯವರಾದರು. ಮರುವರ್ಷ ಅದರಲ್ಲೇ ವಿಶ್ವದಾಖಲೆ. ಎರಡು ಸಮಯಗಳನ್ನು ಪಕ್ಕಪಕ್ಕ ಇಟ್ಟರೆ ಹುಡುಗ ಬೆಳೆದದ್ದು ಕಾಣುತ್ತದೆ. ಎಷ್ಟೇ ಹೊಳೆಯುವ ಕಾರ್ಡಾದರೂ ಅದನ್ನು ತೋರಿಸದು.

ನಮ್ಮ ಲಿಂಗನಮಕ್ಕಿ ಹಿನ್ನೀರಿನ ಕಡೆ, ಸಮಯ ಬರೆದ ಹಾಳೆಯೇ ಮುಖ್ಯ ಎಂಬ ಈ ಮಾತಿಗೆ ಇನ್ನಷ್ಟು ತೂಕವಿದೆ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಸಾಗರ, ಹೊಸನಗರದ ಎಷ್ಟೋ ಊರುಗಳ ಮಗ್ಗುಲಲ್ಲಿ ನೀರು ನಿಂತಿತು. ಈಜು ಬಲ್ಲ ಮಕ್ಕಳಿಗೆ ಇಲ್ಲಿ ಬರವಿಲ್ಲ. ಆದರೆ ಜಲಾಶಯ 1819 ಅಡಿ ಮಟ್ಟಕ್ಕೆ ತುಂಬಿದಾಗ ಇದ್ದ ದಡ ಏಪ್ರಿಲ್ ಹೊತ್ತಿಗೆ ಎಲ್ಲೋ ಕೆಳಗೆ ಸರಿದಿರುತ್ತದೆ. ದಡದಿಂದ ದಡಕ್ಕೆ ಈಜಿದವರ ದೂರವನ್ನು ಎಷ್ಟೆಂದು ಬರೆಯುವುದು? ಹಾಗಾಗಿ ಇಲ್ಲಿಯ ಮಗುವಿನ ಮೊದಲ ದಾಖಲೆ ಹುಟ್ಟುವುದು ಊರು ಬಿಟ್ಟು ಈಜುಕೊಳಕ್ಕೆ ಇಳಿದ ದಿನ. ಅಂದು ಕೈಗೆ ಬರುವ ಪ್ರಮಾಣಪತ್ರದಲ್ಲಿ ಬಣ್ಣದ ಅಂಚು, ಗಣ್ಯರ ಸಹಿ, ‘ದ್ವಿತೀಯ ಸ್ಥಾನ’ ಇಷ್ಟೇ ಇದ್ದರೆ ಅದು ಗೋಡೆಯ ಅಲಂಕಾರಕ್ಕಾದೀತು. ಕೊಳ 25 ಮೀಟರಿನದೋ 50ರದೋ, ಸಮಯ ಹಿಡಿದದ್ದು ಕೈಯಲ್ಲಿ ಒತ್ತುವ ಸ್ಟಾಪ್‌ವಾಚಿನಲ್ಲೋ ಎಲೆಕ್ಟ್ರಾನಿಕ್ ಯಂತ್ರದಲ್ಲೋ, ಆ ಸಮಯ ಎಷ್ಟು ಎಂದು ಬರೆದಿದ್ದರೆ, ಮೂಲೆ ಹರಿದಿದ್ದರೂ ಸರಿ, ನಾನು ಅದನ್ನೇ ಎತ್ತಿಡುತ್ತೇನೆ.